‘ಹೊಂದಿಕೊಂಡಿದೆ’ ಅಂದರೆ ನಿಜಕ್ಕೂ ಆಗಿದ್ದೇನು?

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ ವಾಕ್ಯ ಒಂದಿದೆ: ‘ಒಂಟೆ ಮರುಭೂಮಿಗೆ ಹೊಂದಿಕೊಂಡಿದೆ.’ ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇವೆ. ವಾಕ್ಯದಲ್ಲಿ ತಪ್ಪೇನಿಲ್ಲ. ಆದರೆ ‘ಹೊಂದಿಕೊಳ್ಳು’ ಅನ್ನುವ ಪದ ಇದೆಯಲ್ಲ, ಅದು ನಮಗೇ ಗೊತ್ತಾಗದ ಹಾಗೆ ದಾರಿ ತಪ್ಪಿಸುತ್ತದೆ.

ಹೊಸ ಮನೆಗೆ ಹೋದವರು ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ಹೊಸ ಚಪ್ಪಲಿಗೆ ಕಾಲು ಹೊಂದಿಕೊಳ್ಳುತ್ತದೆ. ಮೊದಲು ಕಷ್ಟ, ಆಮೇಲೆ ಅಭ್ಯಾಸ. ಒಂಟೆಯ ಕಥೆಯೂ ಇದೇ ಇರಬೇಕು ಅಂದುಕೊಳ್ಳುತ್ತೇವೆ. ಯಾವುದೋ ಕಾಲದ ಒಂದು ಪ್ರಾಣಿ ಮರಳಲ್ಲಿ ನಡೆದೂ ನಡೆದೂ, ನೀರಿಲ್ಲದೆ ಒದ್ದಾಡಿ, ಕೊನೆಗೆ ತನ್ನ ಮೈಯನ್ನೇ ಬದಲಾಯಿಸಿಕೊಂಡಿತು ಅಂತ.

ಹಾಗೆ ಆಗಲಿಲ್ಲ. ವಿಕಾಸದಲ್ಲಿ ಬದಲಾಗುವುದು ಗುಂಪು. ಒಂದೊಂದೇ ಜೀವಿ ತಾನು ಹುಟ್ಟಿದ ಹಾಗೇ ಬದುಕಿ, ಹಾಗೇ ಸಾಯುತ್ತದೆ. ಈ ಒಂದು ಗಂಟು ಬಿಚ್ಚಿಕೊಂಡರೆ ಉಳಿದದ್ದು ಸಲೀಸು. ಬಿಚ್ಚದಿದ್ದರೆ ಎಷ್ಟು ಓದಿದರೂ ಗೊಂದಲ ಹೋಗುವುದಿಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಬೆಟ್ಟ ಹತ್ತಿದವನು, ಬೆಟ್ಟದಲ್ಲೇ ಹುಟ್ಟಿದವನು

ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರಕ್ಕೆ ಹೋದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕೆಳಗೆ ಸಿಗುವುದರ ಸುಮಾರು ಶೇ. 60 ಮಾತ್ರ. ಬಯಲಿನಿಂದ ಅಲ್ಲಿಗೆ ಹೋದವನಿಗೆ ಮೊದಲ ದಿನ ತಲೆನೋವು, ಏದುಸಿರು. ಕೆಲವು ವಾರ ಅಲ್ಲೇ ಇದ್ದರೆ ಅವನ ಮೈ ಕೆಂಪು ರಕ್ತಕಣಗಳನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಉಸಿರಾಟ ಸ್ವಲ್ಪ ಹಗುರಾಗುತ್ತದೆ. ಇದೂ ಹೊಂದಿಕೊಳ್ಳುವುದೇ. ಆದರೆ ಅವನು ಕೆಳಗಿಳಿದು ಬಂದ ಮೇಲೆ ರಕ್ತ ಮತ್ತೆ ಮೊದಲಿನ ಹಾಗೆ ಆಗುತ್ತದೆ. ಆಮೇಲೆ ಹುಟ್ಟುವ ಅವನ ಮಗುವಿಗೆ ಆ ಹೆಚ್ಚುವರಿ ರಕ್ತಕಣಗಳು ಬಳುವಳಿಯಾಗಿ ಬರುವುದಿಲ್ಲ.

ಈಗ ಟಿಬೆಟ್ ಪ್ರಸ್ಥಭೂಮಿಯಲ್ಲೇ ತಲೆತಲಾಂತರದಿಂದ ಇರುವವರನ್ನು ನೋಡಿ. ಅವರ ರಕ್ತದಲ್ಲಿ ಕೆಂಪುಕಣ ಇನ್ನೂ ಜಾಸ್ತಿ ಇರಬೇಕು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಇರುವುದು ತದ್ವಿರುದ್ಧ. ಹೆಚ್ಚಿನವರ ಹಿಮೋಗ್ಲೋಬಿನ್ ಮಟ್ಟ ಸಮುದ್ರಮಟ್ಟದಲ್ಲಿರುವವರಿಗೆ ಹತ್ತಿರ ಹತ್ತಿರ ಇದೆ. ಕಾರಣ ಇದೆ. ಕೆಂಪುಕಣ ತುಂಬಾ ಹೆಚ್ಚಾದರೆ ರಕ್ತ ಮಂದವಾಗುತ್ತದೆ, ಹೃದಯಕ್ಕೆ ಅದನ್ನು ತಳ್ಳುವುದೇ ಕಷ್ಟವಾಗುತ್ತದೆ. ಕೆಲವು ವಾರದ ಮಟ್ಟಿಗೆ ಅದು ಪರವಾಗಿಲ್ಲ, ಇಡೀ ಜೀವಮಾನಕ್ಕೆ ಅದೇ ಕಾಯಿಲೆ. ಟಿಬೆಟ್‌ನ ಬಹುಪಾಲು ಜನರಲ್ಲಿ ‘ಇಪಾಸ್1’ ಅನ್ನುವ ಜೀನ್‌ನ ಒಂದು ವಿಶೇಷ ರೂಪ ಇದೆ. ಅದು ರಕ್ತ ಹಾಗೆ ಮಂದವಾಗದಂತೆ ತಡೆಯುತ್ತದೆ. 2014ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಆ ಜೀನ್ ರೂಪ ಅವರಿಗೆ ಬಂದದ್ದು ಡೆನಿಸೋವನ್ ಎಂಬ, ಈಗ ಅಳಿದುಹೋಗಿರುವ ಮಾನವ ಕುಲದಿಂದ. ಆ ಕುಲದವರ ಜೊತೆ ನಮ್ಮ ಪೂರ್ವಜರು ಕೂಡಿ ಮಕ್ಕಳನ್ನು ಪಡೆದಿದ್ದರು.

ಬೆಟ್ಟ ಹತ್ತಿದವನ ಮೈ ಕೆಲವು ವಾರದಲ್ಲಿ ಬದಲಾಯಿತು. ಬೆಟ್ಟದವರ ವಿಷಯದಲ್ಲಿ ಯಾರ ಮೈಯೂ ಹಾಗೆ ಬದಲಾಗಲಿಲ್ಲ. ಆ ಜೀನ್ ರೂಪ ಇದ್ದವರು ಆರೋಗ್ಯವಾಗಿ ಬದುಕಿ ಒಂದೆರಡು ಮಕ್ಕಳನ್ನು ಜಾಸ್ತಿ ಬೆಳೆಸಿದರು. ಇಲ್ಲದವರಿಗೆ ಅಷ್ಟು ಮಕ್ಕಳು ಉಳಿಯಲಿಲ್ಲ. ಮುಂದಿನ ತಲೆಮಾರಿನಲ್ಲಿ ಆ ರೂಪ ಇರುವವರ ಪಾಲು ಸ್ವಲ್ಪ ಏರಿತು. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ. ನೈಸರ್ಗಿಕ ಆಯ್ಕೆ ಅನ್ನುವುದು ಇಷ್ಟೇ. ಆಯ್ಕೆ ಅಂದ ತಕ್ಷಣ ಯಾರೋ ಕೂತು ಆರಿಸುತ್ತಿದ್ದಾರೆ ಅನ್ನಿಸುತ್ತದೆ, ಆ ಪದದ ತೊಂದರೆ ಅದು. ಆರಿಸುವವರು ಯಾರೂ ಇಲ್ಲ. ಯಾರಿಗೆ ಎಷ್ಟು ಮಕ್ಕಳು ಉಳಿದವು ಅನ್ನುವ ಲೆಕ್ಕ ಮಾತ್ರ ಇದೆ.

ಅರ್ಧ ಮಿಲಿಮೀಟರ್

ಈ ಲೆಕ್ಕವನ್ನು ಕಣ್ಣಾರೆ ನೋಡಬಹುದಾ? ಡಾರ್ವಿನ್ ನೋಡಲು ಆಗುವುದಿಲ್ಲ ಅಂದುಕೊಂಡಿದ್ದರು. ಅದು ಅಷ್ಟು ನಿಧಾನ, ನಮ್ಮ ಆಯಸ್ಸಿನಲ್ಲಿ ಕಾಣುವಂಥದ್ದಲ್ಲ ಅನ್ನುವುದು ಅವರ ಅಂದಾಜು. 1973ರಲ್ಲಿ ಪೀಟರ್ ಗ್ರಾಂಟ್ ಮತ್ತು ರೋಸ್‌ಮೇರಿ ಗ್ರಾಂಟ್ ಎಂಬ ಗಂಡ ಹೆಂಡತಿ ಇಬ್ಬರು ವಿಜ್ಞಾನಿಗಳು ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳಲ್ಲಿ ಒಂದಾದ ಡಾಫ್ನೆ ಮೇಜರ್‌ನಲ್ಲಿ ಕೆಲಸ ಶುರು ಮಾಡಿದರು. ಅದೊಂದು ಪುಟ್ಟ ಜ್ವಾಲಾಮುಖಿ ದ್ವೀಪ. ಇಳಿಯಲು ಮರಳ ದಂಡೆ ಕೂಡ ಇಲ್ಲ. ದೋಣಿ ಬಂಡೆಯ ಹತ್ತಿರ ಬಂದಾಗ ಅಂಚಿಗೆ ಜಿಗಿಯಬೇಕು. ಕುಡಿಯುವ ನೀರನ್ನೂ ಹೊತ್ತುಕೊಂಡು ಹೋಗಬೇಕು.

ಅಲ್ಲಿ ನೆಲದ ಫಿಂಚ್ ಎಂಬ, ಬೀಜ ತಿನ್ನುವ ಪುಟ್ಟ ಹಕ್ಕಿಗಳನ್ನು ಹಿಡಿದು ಕಾಲಿಗೆ ಬಣ್ಣದ ಬಳೆ ತೊಡಿಸಿದರು. ಕೊಕ್ಕಿನ ಉದ್ದ, ದಪ್ಪ ಅಳೆದು ಬರೆದುಕೊಂಡರು. ಯಾವ ಹಕ್ಕಿಗೆ ಯಾವ ಜೋಡಿ, ಯಾವ ಗೂಡಿನಲ್ಲಿ ಎಷ್ಟು ಮರಿ, ಯಾವ ಹಕ್ಕಿ ಯಾವ ಬೀಜ ತಿನ್ನುತ್ತದೆ, ಎಲ್ಲವನ್ನೂ ದಾಖಲು ಮಾಡಿದರು. ಒಂದು ವರ್ಷ, ಎರಡು ವರ್ಷ ಅಲ್ಲ, ನಾಲ್ಕು ದಶಕ. ಇಂಥ ತಾಳ್ಮೆ ನನಗೆ ದೊಡ್ಡ ಸಂಗತಿ. ಜೀವವಿಜ್ಞಾನದಲ್ಲಿ ಅವಸರವಿಲ್ಲದೆ ನೋಡಿದವರಿಗೆ ಕಂಡಷ್ಟು ಬೇರೆಯವರಿಗೆ ಕಂಡಿಲ್ಲ.

1977ರಲ್ಲಿ ಮಳೆ ಕೈಕೊಟ್ಟಿತು. ಗಿಡ ಒಣಗಿದವು. ಹಕ್ಕಿಗಳು ಮೊದಲು ಸಣ್ಣ, ಮೆತ್ತನೆಯ ಬೀಜಗಳನ್ನು ತಿಂದು ಮುಗಿಸಿದವು. ಕೊನೆಗೆ ನೆಲದಲ್ಲಿ ಉಳಿದದ್ದು ದಪ್ಪ, ಗಟ್ಟಿ ಬೀಜಗಳು. ಅದರಲ್ಲೂ ನೆಗ್ಗಿಲು ಜಾತಿಯ ಒಂದು ಗಿಡದ ಕಾಯಿ. ನೆಗ್ಗಿಲ ಮುಳ್ಳು ಕಾಲಿಗೆ ಚುಚ್ಚಿಸಿಕೊಂಡವರಿಗೆ ಅದು ಎಂಥ ಗಟ್ಟಿ ಅಂತ ಗೊತ್ತಿರುತ್ತದೆ. ಒಳಗಿನ ಬೀಜ ಸಿಗಬೇಕಾದರೆ ಆ ಮುಳ್ಳು ಕವಚವನ್ನು ಕೊಕ್ಕಿನಿಂದ ತಿರುಚಿ ಒಡೆಯಬೇಕು. ಕೊಕ್ಕು ದಪ್ಪ ಇದ್ದ ಹಕ್ಕಿಗೆ ಅದು ಆಗುತ್ತಿತ್ತು. ತೆಳ್ಳಗಿದ್ದ ಹಕ್ಕಿ ಕಾಯಿಯನ್ನು ಬಿಟ್ಟು ಮುಂದೆ ಹೋಗುತ್ತಿತ್ತು.

ಬರ ಮುಗಿಯುವ ಹೊತ್ತಿಗೆ ದ್ವೀಪದ ‘ಮಧ್ಯಮ ನೆಲದ ಫಿಂಚ್’ ಜಾತಿಯ ಹಕ್ಕಿಗಳಲ್ಲಿ ಸುಮಾರು ಶೇ. 85 ಸತ್ತಿದ್ದವು. ಉಳಿದವುಗಳ ಕೊಕ್ಕನ್ನು ಅಳೆದು ನೋಡಿದರೆ ಸರಾಸರಿ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಾಗಿತ್ತು. ಇಲ್ಲಿ ಸ್ವಲ್ಪ ನಿಲ್ಲಿ. ಯಾವ ಹಕ್ಕಿಯ ಕೊಕ್ಕೂ ಬೆಳೆದಿರಲಿಲ್ಲ. ಬಳೆ ತೊಟ್ಟ ಪ್ರತಿ ಹಕ್ಕಿಯ ಹಳೆ ಅಳತೆ ಪುಸ್ತಕದಲ್ಲೇ ಇತ್ತು. ಬರದ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ. ಸರಾಸರಿ ಏರಿದ್ದು ತೆಳ್ಳಗಿನ ಕೊಕ್ಕಿನವು ಲೆಕ್ಕದಿಂದ ಹೊರಗೆ ಹೋದದ್ದರಿಂದ.

ಇಷ್ಟಕ್ಕೇ ವಿಕಾಸ ಆಯಿತು ಅನ್ನುವ ಹಾಗಿಲ್ಲ. ಉಳಿದ ಹಕ್ಕಿಗಳ ಮರಿಗಳು ಹೇಗಿದ್ದವು ಅನ್ನುವುದು ನಿಜವಾದ ಪ್ರಶ್ನೆ. ಮುಂದಿನ ವರ್ಷ ಹುಟ್ಟಿದ ಮರಿಗಳು ಬೆಳೆದ ಮೇಲೆ ಅಳೆದರು. ಅವುಗಳ ಕೊಕ್ಕೂ ಬರಕ್ಕೆ ಮುಂಚಿನ ಗುಂಪಿನದ್ದಕ್ಕಿಂತ ದಪ್ಪ. ಕೊಕ್ಕಿನ ದಪ್ಪ ಅಪ್ಪ ಅಮ್ಮನಿಂದ ಮಕ್ಕಳಿಗೆ ಹೋಗುವ ಗುಣ. ಹಾಗಾಗಿ ಬದಲಾವಣೆ ದಾಟಿಕೊಂಡಿತು. ಹಕ್ಕಿಗಳಲ್ಲಿ ಮೊದಲೇ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸ ಮಕ್ಕಳಿಗೆ ಹೋಗುವಂತಿರಬೇಕು, ಆ ವ್ಯತ್ಯಾಸದಿಂದ ಬದುಕು ಸಾವಿನಲ್ಲಿ ಫರಕು ಆಗಬೇಕು. ಈ ಮೂರೂ ಕೂಡಿದ ಕಡೆ ವಿಕಾಸ ಆಗಿಯೇ ಆಗುತ್ತದೆ, ತಡೆಯಲು ಬರುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1982ರ ಕೊನೆಯಿಂದ ಎಲ್ ನಿನೊ ಕಾರಣಕ್ಕೆ ಆ ದ್ವೀಪದಲ್ಲಿ ತಿಂಗಳುಗಟ್ಟಲೆ ಜೋರು ಮಳೆ. ಬಳ್ಳಿ, ಹುಲ್ಲು ಎದ್ದು ನೆಲವೆಲ್ಲ ಸಣ್ಣ ಬೀಜ. ಈಗ ದಪ್ಪ ಕೊಕ್ಕಿನಿಂದ ಸಣ್ಣ ಬೀಜ ಆರಿಸುವುದೇ ತಾಪತ್ರಯ. ನಂತರದ ವರ್ಷಗಳಲ್ಲಿ ಸಣ್ಣ ಕೊಕ್ಕಿನ ಹಕ್ಕಿಗಳು ಜಾಸ್ತಿ ಉಳಿದವು. ಸರಾಸರಿ ಮತ್ತೆ ಇಳಿಯಿತು. ಇನ್ನೊಂದು ಬರ 2004-05ರಲ್ಲಿ ಬಂದಾಗ ದಪ್ಪ ಕೊಕ್ಕಿನವು ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಅಷ್ಟರಲ್ಲಿ ಇನ್ನೂ ದೊಡ್ಡ ಜಾತಿಯ ಫಿಂಚ್ ಒಂದು ದ್ವೀಪಕ್ಕೆ ಬಂದು ನೆಲೆಸಿತ್ತು. ನೆಗ್ಗಿಲನ್ನು ಅದು ಬೇಗ ಬೇಗ ಖಾಲಿ ಮಾಡಿತು. ಈ ಸಲ ಅದೇ ಬರದಲ್ಲಿ ಸಣ್ಣ ಕೊಕ್ಕೇ ಉಳಿಸಿತು.

‘ಒಳ್ಳೆಯ ಕೊಕ್ಕು’ ಯಾವುದು ಅಂತ ಕೇಳಿದರೆ ಉತ್ತರ ಇಲ್ಲ. ಯಾವ ವರ್ಷ, ಯಾವ ಬೀಜ, ಪಕ್ಕದಲ್ಲಿ ಯಾರು ಅಂತ ತಿರುಗಿ ಕೇಳಬೇಕು. ವಿಕಾಸವನ್ನು ಏಣಿ ಅಂದುಕೊಂಡು, ಕೆಳಗಿನ ಮೆಟ್ಟಿಲಲ್ಲಿ ಹುಳ, ಮೇಲಿನ ಮೆಟ್ಟಿಲಲ್ಲಿ ಮನುಷ್ಯ ಅಂತ ಬಿಡಿಸಿದ ಚಿತ್ರಗಳು ಈ ಕಾರಣಕ್ಕೇ ತಪ್ಪು. ಇಂದಿನ ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಇಬ್ಬರ ಕವಲು ಒಡೆದದ್ದು ಸುಮಾರು 60-70 ಲಕ್ಷ ವರ್ಷದ ಹಿಂದೆ. ಅಷ್ಟೂ ವರ್ಷ ಅದೂ ನಮ್ಮಷ್ಟೇ ವಿಕಾಸವಾಗಿದೆ, ತನ್ನ ಕಾಡಿಗೆ ಬೇಕಾದ ಹಾಗೆ.

ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಇಲ್ಲಿ ಬಹಳ ಜನ ಎಡವುತ್ತಾರೆ. ಮೊದಲೇ ವ್ಯತ್ಯಾಸ ಇರಬೇಕು ಅಂದೆವಲ್ಲ, ಆ ವ್ಯತ್ಯಾಸ ಹುಟ್ಟಿಸುವುದು ಯಾರು? ಬರ ಬಂತು, ಅದಕ್ಕೇ ದಪ್ಪ ಕೊಕ್ಕು ಹುಟ್ಟಿತು ಅಂತ ಹೇಳುವುದು ಸುಲಭ. ಔಷಧ ಹಾಕಿದೆವು, ಅದಕ್ಕೇ ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳುವುದು ಕಲಿತವು ಅಂತ ಪತ್ರಿಕೆಗಳಲ್ಲೂ ಬರುತ್ತದೆ. ಕಲಿತವಾ? 1952ರಲ್ಲಿ ಎಸ್ತರ್ ಲೆಡರ್‌ಬರ್ಗ್ ಮತ್ತು ಜೋಶುವಾ ಲೆಡರ್‌ಬರ್ಗ್ ಇದನ್ನು ಒಂದು ತುಂಡು ಮಖಮಲ್ ಬಟ್ಟೆಯಿಂದ ತೀರ್ಮಾನಿಸಿದರು. ನಾನು ಓದಿದ ಪ್ರಯೋಗಗಳಲ್ಲಿ ಇಷ್ಟು ಸರಳವಾಗಿ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕಡಿಮೆ.

ಒಂದು ಚಪ್ಪಟೆ ಗಾಜಿನ ತಟ್ಟೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿವೆ. ಈ ತಟ್ಟೆಯಲ್ಲಿ ಔಷಧದ ಸೋಂಕೇ ಇಲ್ಲ. ದುಂಡನೆಯ ಮರದ ತುಂಡಿಗೆ ಮಖಮಲ್ ಸುತ್ತಿ, ಮುದ್ರೆ ಒತ್ತುವ ಹಾಗೆ ತಟ್ಟೆಯ ಮೇಲೆ ಒತ್ತಿದರು. ಮಖಮಲ್ಲಿನ ಸಣ್ಣ ಎಳೆಗಳಿಗೆ ಎಲ್ಲ ಜಾಗದಿಂದಲೂ ಸ್ವಲ್ಪ ಸ್ವಲ್ಪ ಬ್ಯಾಕ್ಟೀರಿಯಾ ಅಂಟಿದವು. ಅದೇ ಮುದ್ರೆಯನ್ನು ಔಷಧ ಬೆರೆಸಿದ ಬೇರೆ ತಟ್ಟೆಗಳ ಮೇಲೆ ಒಂದಾದ ಮೇಲೊಂದು ಒತ್ತಿದರು. ಈಗ ಎಲ್ಲ ತಟ್ಟೆಗಳೂ ಮೊದಲನೆಯದರ ನಕಲು. ಯಾವ ಬ್ಯಾಕ್ಟೀರಿಯಾ ಎಲ್ಲಿತ್ತೋ ಅದರ ಮಕ್ಕಳು ಅದೇ ಜಾಗದಲ್ಲಿ.

ಔಷಧದ ತಟ್ಟೆಗಳಲ್ಲಿ ಬಹುತೇಕ ಎಲ್ಲ ಸತ್ತವು. ಒಂದೆರಡು ಕಡೆ ಮಾತ್ರ ಬೆಳೆ ಎದ್ದಿತು. ಔಷಧ ಕಂಡ ಮೇಲೆ ಕಲಿತದ್ದಾಗಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಏಳಬೇಕಿತ್ತು. ಎದ್ದದ್ದು ಎಲ್ಲ ತಟ್ಟೆಗಳಲ್ಲೂ ಅದೇ ಜಾಗದಲ್ಲಿ. ಇನ್ನೂ ಮುಂದಕ್ಕೆ ಹೋಗಿ, ಔಷಧವನ್ನು ಕಂಡೇ ಇರದ ಮೊದಲನೆಯ ತಟ್ಟೆಯ ಅದೇ ಜಾಗದಿಂದ ಬ್ಯಾಕ್ಟೀರಿಯಾ ತೆಗೆದರು. ಹಾಗೆ ಆರಿಸಿ ಬೆಳೆಸಿದವು ಔಷಧವನ್ನು ತಡೆದುಕೊಂಡವು. ಅಂದರೆ ಆ ಶಕ್ತಿ ಔಷಧ ಬರುವ ಮುಂಚೆಯೇ ಅಲ್ಲಿತ್ತು. ಔಷಧ ಅದನ್ನು ಹುಟ್ಟಿಸಲಿಲ್ಲ. ಉಳಿದವನ್ನೆಲ್ಲ ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಿತು.

ಹುಟ್ಟಿಸಿದ್ದು ನಕಲಿನ ತಪ್ಪು. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಬೇಕು. ಮನುಷ್ಯನ ಡಿಎನ್‌ಎಯ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ. ನಕಲು ಮಾಡುವ ವ್ಯವಸ್ಥೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ. ನನ್ನಲ್ಲಿ, ನಿಮ್ಮಲ್ಲಿ, ಈಗ ಹುಟ್ಟುತ್ತಿರುವ ಪ್ರತಿ ಮಗುವಿನಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆಗಳು ಸುಮಾರು 60-70 ಇರುತ್ತವೆ. ಇವೇ ಮ್ಯುಟೇಷನ್‌ಗಳು. ಬಹುಪಾಲು ಏನೂ ಮಾಡುವುದಿಲ್ಲ, ಸುಮ್ನೆ ಇರುತ್ತವೆ. ಕೆಲವು ಕೆಡುಕು ಮಾಡುತ್ತವೆ. ಅಪರೂಪಕ್ಕೆ ಒಂದು, ಆ ಜಾಗದಲ್ಲಿ ಆ ಕಾಲದಲ್ಲಿ, ಉಪಯೋಗಕ್ಕೆ ಬರುತ್ತದೆ. ಅದರ ಮೇಲೆ ಅಪ್ಪ ಅಮ್ಮನ ಜೀನ್‌ಗಳು ಪ್ರತಿ ಮಗುವಿನಲ್ಲೂ ಇಸ್ಪೀಟಿನ ಹಾಗೆ ಕಲೆಸಿಕೊಳ್ಳುತ್ತವೆ.

ಹಾಗಾದರೆ ಎಲ್ಲವೂ ಆಕಸ್ಮಿಕವೇ, ಆಕಸ್ಮಿಕದಿಂದ ಕಣ್ಣು ರೆಕ್ಕೆ ಆಗಲು ಸಾಧ್ಯವೇ ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ತಪ್ಪು ಹುಟ್ಟುವುದು ಆಕಸ್ಮಿಕ. ಯಾವುದು ಉಳಿಯುತ್ತದೆ ಅನ್ನುವುದು ಆಕಸ್ಮಿಕ ಅಲ್ಲ. ಡಾಫ್ನೆಯಲ್ಲಿ ಯಾವ ಮರಿಗೆ ಎಂಥ ಕೊಕ್ಕು ಅನ್ನುವುದು ಅದೃಷ್ಟ. ಬರದಲ್ಲಿ ನೆಗ್ಗಿಲು ಒಡೆಯಲು ಬಂದದ್ದು ಉಳಿಯುವುದಕ್ಕೆ ಕಾರಣ ಇದೆ. ಪ್ರತಿ ತಲೆಮಾರಿನಲ್ಲೂ ಜರಡಿ ಹಿಡಿಯುತ್ತಾ ಹೋದರೆ, ಜರಡಿಯಲ್ಲಿ ಉಳಿದದ್ದರ ಮೇಲೇ ಮುಂದಿನ ಬದಲಾವಣೆ ಕೂರುತ್ತಾ ಹೋದರೆ, ಲಕ್ಷಾಂತರ ತಲೆಮಾರಿನ ಕೊನೆಗೆ ಏನು ಬೇಕಾದರೂ ಆಗಬಹುದು.

ಹನ್ನೆರಡು ಫ್ಲಾಸ್ಕ್‌ಗಳು

ಆದರೂ ಅದೃಷ್ಟದ ಪಾಲು ಎಷ್ಟು? ಇತಿಹಾಸವನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟರೆ ಅದೇ ಜೀವಿಗಳು ಬರುತ್ತವಾ? ಇದನ್ನು ತಿಳಿಯಲು ರಿಚರ್ಡ್ ಲೆನ್‌ಸ್ಕಿ ಎಂಬ ಅಮೆರಿಕದ ವಿಜ್ಞಾನಿ 1988ರ ಫೆಬ್ರವರಿಯಲ್ಲಿ ಒಂದು ಕೆಲಸ ಮಾಡಿದರು. ಒಂದೇ ಬ್ಯಾಕ್ಟೀರಿಯಾದ ಸಂತತಿಯನ್ನು ಹನ್ನೆರಡು ಫ್ಲಾಸ್ಕ್‌ಗಳಿಗೆ ಹಾಕಿದರು. ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲೂ ಇರುವ ಇ. ಕೊಲಿ. ಊಟಕ್ಕೆ ಸ್ವಲ್ಪವೇ ಗ್ಲೂಕೋಸ್. ದಿನಾ ಪ್ರತಿ ಫ್ಲಾಸ್ಕ್‌ನಿಂದ ನೂರರಲ್ಲಿ ಒಂದು ಪಾಲು ತೆಗೆದು ಹೊಸ ಫ್ಲಾಸ್ಕ್‌ಗೆ ಹಾಕುವುದು. ಒಂದು ದಿನಕ್ಕೆ ಆರೇಳು ತಲೆಮಾರು. ಪ್ರತಿ 500 ತಲೆಮಾರಿಗೊಮ್ಮೆ ಸ್ವಲ್ಪ ತೆಗೆದು ಫ್ರೀಜರ್‌ನಲ್ಲಿ ಇಡುವುದು. ಈ ಬ್ಯಾಕ್ಟೀರಿಯಾ ಶೈತ್ಯದಲ್ಲಿ ಸಾಯುವುದಿಲ್ಲ. ಬೇಕೆಂದಾಗ ಮುತ್ತಾತನನ್ನು ಎಬ್ಬಿಸಿ ಮರಿಮಗನ ಜೊತೆ ಓಟಕ್ಕೆ ನಿಲ್ಲಿಸಬಹುದು.

ಹನ್ನೆರಡೂ ಗುಂಪುಗಳು ಬೇಗ ಬೆಳೆಯುವುದನ್ನು ರೂಢಿಸಿಕೊಂಡವು. ಎಲ್ಲದರಲ್ಲೂ ಕೋಶಗಳು ದೊಡ್ಡವಾದವು. ಅಷ್ಟರ ಮಟ್ಟಿಗೆ ಇತಿಹಾಸ ಹನ್ನೆರಡು ಸಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯಿತು. ಆದರೆ 2003ರಲ್ಲಿ ಒಂದು ಫ್ಲಾಸ್ಕ್ ಉಳಿದವಕ್ಕಿಂತ ಕದಡಿದ ಹಾಗೆ ಕಂಡಿತು. ಹೊರಗಿನ ಬ್ಯಾಕ್ಟೀರಿಯಾ ಸೇರಿಕೊಂಡಿರಬೇಕು ಅಂತ ಮೊದಲು ಅಂದುಕೊಂಡರು. ಪರೀಕ್ಷೆ ಮಾಡಿದರೆ ಅವೇ ಬ್ಯಾಕ್ಟೀರಿಯಾ. ಫ್ಲಾಸ್ಕ್‌ನ ದ್ರವದಲ್ಲಿ ಮೊದಲಿನಿಂದಲೂ ಸಿಟ್ರೇಟ್ ಅನ್ನುವ ಪದಾರ್ಥ ಇತ್ತು. ಆಮ್ಲಜನಕ ಇರುವ ಕಡೆ ಇ. ಕೊಲಿ ಅದನ್ನು ತಿನ್ನಲಾರದು, ಆ ಜಾತಿಯನ್ನು ಗುರುತಿಸುವುದಕ್ಕೇ ಈ ಲಕ್ಷಣ ಬಳಸುತ್ತಾರೆ. ಈ ಒಂದು ಫ್ಲಾಸ್ಕ್‌ನವು ತಿನ್ನಲು ಶುರು ಮಾಡಿದ್ದವು. 31,000 ತಲೆಮಾರು ಕಳೆದ ಮೇಲೆ.

ಆಗ ಫ್ರೀಜರ್ ಕೆಲಸಕ್ಕೆ ಬಂತು. ಲೆನ್‌ಸ್ಕಿ ಅವರ ಪ್ರಯೋಗಾಲಯದ ಝಕರಿ ಬ್ಲೌಂಟ್ ಆ ಫ್ಲಾಸ್ಕ್‌ನ ಪೂರ್ವಜರನ್ನು ಒಂದೊಂದು ಕಾಲದಿಂದ ಎಬ್ಬಿಸಿ ಮತ್ತೆ ಬೆಳೆಸಿದರು. ಸುಮಾರು 20,000 ತಲೆಮಾರಿನ ನಂತರದವರಲ್ಲಿ ಸಿಟ್ರೇಟ್ ತಿನ್ನುವವು ಕೆಲವು ಸಲ ಮತ್ತೆ ಹುಟ್ಟಿದವು. ಅದಕ್ಕಿಂತ ಹಳಬರಲ್ಲಿ ಹುಟ್ಟಲಿಲ್ಲ. ಮುಂಚೆ ಯಾವಾಗಲೋ ಆದ, ಆಗ ಯಾರ ಗಮನಕ್ಕೂ ಬಾರದ ಸಣ್ಣ ಬದಲಾವಣೆಗಳು ದಾರಿ ಮಾಡಿಕೊಟ್ಟಿದ್ದವು. ಕೊನೆಯ ಹೆಜ್ಜೆ ಕೂಡ ಹೊಸ ಜೀನ್ ಸೃಷ್ಟಿಯಲ್ಲ. ಸಿಟ್ರೇಟನ್ನು ಒಳಗೆ ಎಳೆಯುವ ಜೀನ್ ಆ ಬ್ಯಾಕ್ಟೀರಿಯಾದಲ್ಲಿ ಮೊದಲೇ ಇತ್ತು, ಆಮ್ಲಜನಕ ಇದ್ದಾಗ ಮುಚ್ಚಿಕೊಂಡಿರುತ್ತಿತ್ತು. ನಕಲಿನಲ್ಲಿ ಆ ತುಣುಕು ಎರಡು ಸಲ ಬಂದುಬಿಟ್ಟಿತು. ಎರಡನೆಯದು ಹೋಗಿ ಕೂತದ್ದು ಆಮ್ಲಜನಕ ಇದ್ದಾಗಲೂ ಚಾಲೂ ಇರುವ ಒಂದು ಸ್ವಿಚ್‌ನ ಪಕ್ಕ.

ಇದ್ದದ್ದರಲ್ಲೇ ಮಾಡಬೇಕು

ಹೊಸದಾಗಿ ಕಾಣುವುದು ಬಹುತೇಕ ಹಳೆಯದರ ಮರುಜೋಡಣೆ. ಹಳೆ ಮನೆಯನ್ನು ಪೂರ್ತಿ ಕೆಡವಿ ಹೊಸದು ಕಟ್ಟುವ ಅವಕಾಶ ವಿಕಾಸಕ್ಕೆ ಇಲ್ಲ. ಒಳಗೆ ಜನ ಇದ್ದ ಹಾಗೇ ಗೋಡೆ ಸರಿಸಬೇಕು. ಯಾಕೆಂದರೆ ನಡುವಿನ ಪ್ರತಿ ತಲೆಮಾರೂ ಬದುಕಬೇಕಲ್ಲ.

ಇದರ ಗುರುತು ನಿಮ್ಮ ಕಣ್ಣಿನಲ್ಲೇ ಇದೆ, ಈಗಲೇ ನೋಡಬಹುದು. ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳುಗಳನ್ನು ಪಕ್ಕಪಕ್ಕ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿ. ನೋಟ ಎಡ ಬೆರಳಿನಿಂದ ಕದಲಬಾರದು. ಹೆಚ್ಚುಕಡಿಮೆ ಒಂದು ಗೇಣು ಸರಿಯುವಷ್ಟರಲ್ಲಿ ಬಲ ಬೆರಳಿನ ತುದಿ ಮಾಯವಾಗುತ್ತದೆ. ಇನ್ನಷ್ಟು ಸರಿಸಿದರೆ ಮತ್ತೆ ಬರುತ್ತದೆ.

ನಮ್ಮ ಕಣ್ಣಿನ ನರದ ಎಳೆಗಳು ಬೆಳಕು ಹಿಡಿಯುವ ಪರದೆಯ ಮುಂಭಾಗದಲ್ಲಿ ಹರಡಿವೆ. ಮೆದುಳಿಗೆ ಹೋಗಬೇಕಾದರೆ ಅವೆಲ್ಲ ಒಂದು ಕಡೆ ಕೂಡಿ ಪರದೆಯನ್ನು ತೂರಿ ಹಿಂದಕ್ಕೆ ಹೋಗಬೇಕು. ತೂರಿದ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಅದೇ ನಿಮ್ಮ ಬೆರಳು ಮಾಯವಾದ ಜಾಗ. ಆಕ್ಟೋಪಸ್‌ನ ಕಣ್ಣು ಬೇರೆಯಾಗಿಯೇ ವಿಕಾಸವಾದದ್ದು. ಅದರಲ್ಲಿ ನರಗಳು ಪರದೆಯ ಹಿಂದಿನಿಂದಲೇ ಹೊರಡುತ್ತವೆ, ಹಾಗಾಗಿ ಅದಕ್ಕೆ ಈ ಕುರುಡು ಚುಕ್ಕೆ ಇಲ್ಲ. ಬೆನ್ನೆಲುಬಿರುವ ಪ್ರಾಣಿಗಳ ಮೊದಲ ಪೂರ್ವಜರಲ್ಲಿ ಪರದೆ ಒಮ್ಮೆ ಹೀಗೆ ಕೂತಮೇಲೆ ಮೀನು, ಕಪ್ಪೆ, ಹಕ್ಕಿ, ನಾವು ಎಲ್ಲರೂ ಅದನ್ನೇ ಹೊತ್ತುಕೊಂಡು ಬಂದಿದ್ದೇವೆ.

ಜಿರಾಫೆಯದ್ದು ಇನ್ನೂ ಉದ್ದದ ಕಥೆ. ಮೆದುಳಿನಿಂದ ಗಂಟಲಿನ ಧ್ವನಿಪೆಟ್ಟಿಗೆಗೆ ಒಂದು ನರ ಹೋಗುತ್ತದೆ. ದೂರ ಒಂದು ಮೊಳದ ಒಳಗೇ. ಆದರೆ ಆ ನರ ಇಡೀ ಕುತ್ತಿಗೆ ಇಳಿದು, ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಸುತ್ತಿ, ಮತ್ತೆ ಇಡೀ ಕುತ್ತಿಗೆ ಹತ್ತಿ ಗಂಟಲಿಗೆ ಬರುತ್ತದೆ. ನಾಲ್ಕು ಮೀಟರಿಗೂ ಜಾಸ್ತಿ. ಮೀನಿನಂಥ ಪೂರ್ವಜರಲ್ಲಿ ಆ ನರ ರಕ್ತನಾಳದ ಹಿಂದಿನಿಂದ ಕಿವಿರಿಗೆ ನೇರ ಹೋಗುತ್ತಿತ್ತು. ಆಮೇಲೆ ಹೃದಯ ಕೆಳಕ್ಕೆ ಇಳಿಯಿತು, ಕುತ್ತಿಗೆ ಉದ್ದವಾಯಿತು, ನರ ಸಿಕ್ಕಿಕೊಂಡೇ ಇತ್ತು. ನಮ್ಮಲ್ಲೂ ಅದೇ ಸುತ್ತು ಇದೆ, ಕುತ್ತಿಗೆ ಚಿಕ್ಕದು ಅಷ್ಟೇ.

ಇದ್ದದ್ದು ಹೋಗುವುದೂ ಹೊಂದಿಕೆಯೇ. ಮೆಕ್ಸಿಕೊದ ಗುಹೆಗಳ ಕತ್ತಲ ನೀರಿನಲ್ಲಿ ಕಣ್ಣಿಲ್ಲದ ಮೀನುಗಳಿವೆ. ಅದೇ ಜಾತಿಯ ಕಣ್ಣಿರುವ ಮೀನುಗಳು ಹೊರಗಿನ ನದಿಗಳಲ್ಲಿ ಈಗಲೂ ಇವೆ. ಗುಹೆಯ ಮೀನಿನ ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗುತ್ತದೆ. ಆಮೇಲೆ ಕಣ್ಣಿನ ಮಸೂರದ ಕೋಶಗಳು ಸಾಯುತ್ತವೆ, ಕಣ್ಣು ಕುಗ್ಗಿ ಚರ್ಮದಡಿ ಮುಚ್ಚಿಹೋಗುತ್ತದೆ. ಬಳಸದೇ ಇದ್ದದ್ದಕ್ಕೆ ಸವೆದು ಹೋಯಿತು ಅನ್ನುವುದು ನಮ್ಮ ಮೊದಲ ಊಹೆ. ಬಳಕೆ ನಿಂತರೆ ಜೀನ್ ಸವೆಯುವುದಿಲ್ಲ. ಕಣ್ಣು ಮತ್ತು ಅದರ ಹಿಂದಿನ ಮೆದುಳಿನ ಭಾಗ ಸಾಕಲು ತುಂಬಾ ಶಕ್ತಿ ಬೇಕು. ಚಿಕ್ಕ ಮೀನಿನಲ್ಲಿ ಅದು ಮೈ ಸುಮ್ಮನಿದ್ದಾಗಿನ ಖರ್ಚಿನ ಶೇ. 15ರವರೆಗೂ ಹೋಗುತ್ತದೆ. ಊಟವೇ ಅಪರೂಪವಾದ ಗುಹೆಯಲ್ಲಿ, ಕಣ್ಣು ಕೆಡಿಸುವ ಮ್ಯುಟೇಷನ್ ಹೊತ್ತ ಮೀನಿಗೆ ಆ ಖರ್ಚು ಉಳಿಯಿತು. ಹೊರಗಿನ ಬೆಳಕಿನ ನದಿಯಲ್ಲಿ ಅಂಥ ಮೀನು ಬಾಳುವುದು ಕಷ್ಟ.

2008ರಲ್ಲಿ ಬೇರೆ ಬೇರೆ ಗುಹೆಗಳ ಕುರುಡು ಮೀನುಗಳನ್ನು ಕೂಡಿಸಿ ನೋಡಿದರು. ತಂದೆ ಕುರುಡು, ತಾಯಿ ಕುರುಡು. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಾಣುತ್ತಿತ್ತು. ಒಂದೊಂದು ಗುಹೆಯಲ್ಲಿ ಕೆಟ್ಟದ್ದು ಬೇರೆ ಬೇರೆ ಜೀನ್. ತಂದೆಯಲ್ಲಿ ಕೆಟ್ಟದ್ದು ತಾಯಿಯಲ್ಲಿ ಸರಿ ಇತ್ತು, ತಾಯಿಯದ್ದು ತಂದೆಯಲ್ಲಿ. ಎಷ್ಟೋ ಸಾವಿರ ವರ್ಷ ಕತ್ತಲಲ್ಲಿ ಕಳೆದ ವಂಶದ ಮರಿ ಬೆಳಕನ್ನು ನೋಡಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೇನೂ ಕೆಲಸ ಮಾಡಲಾಗಲಿಲ್ಲ.

ಬೆಲೆ

ಜೀವಿಗಳು ಎಂಥ ಪರಿಸ್ಥಿತಿಗೂ ಹೊಂದಿಕೊಳ್ಳುತ್ತವೆ, ಚಿಂತೆ ಮಾಡಬೇಡಿ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಇಲ್ಲಿಯವರೆಗೆ ಓದಿದವರಿಗೆ ಆ ಮಾತಿನ ತೊಂದರೆ ತಿಳಿಯುತ್ತದೆ. ಬೇಕಾದ ವ್ಯತ್ಯಾಸ ಮೊದಲೇ ಇಲ್ಲದಿದ್ದರೆ ಆರಿಸಲು ಏನೂ ಇಲ್ಲ. ಇದ್ದರೂ ಗುಂಪು ಹೊಂದಿಕೊಳ್ಳುವುದು ಅಂದರೆ ಆ ಗುಂಪಿನ ಬಹುಪಾಲು ಮಕ್ಕಳಿಲ್ಲದೆ ಸಾಯುವುದು. ಬ್ಯಾಕ್ಟೀರಿಯಾಕ್ಕೆ ಅದು ಒಂದು ಮಧ್ಯಾಹ್ನದ ಲೆಕ್ಕ. ಇಪ್ಪತ್ತೆರಡು ತಿಂಗಳು ಹೊತ್ತು ಒಂದು ಮರಿ ಹಾಕುವ ಪ್ರಾಣಿಗೆ ಹಾಗಲ್ಲ.

ಮೊಜಾಂಬಿಕ್ ದೇಶದ ಗೊರೊಂಗೊಸಾ ರಾಷ್ಟ್ರೀಯ ಉದ್ಯಾನದಲ್ಲಿ ಆದದ್ದು ಇದೇ. ಅಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಎರಡೂ ಕಡೆಯ ಸೈನಿಕರು ದಂತಕ್ಕಾಗಿ ಆನೆಗಳನ್ನು ಕೊಂದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆನೆಗಳು ಹೋದವು. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತ ಇರುತ್ತದೆ, ಹುಟ್ಟಿನಿಂದಲೇ ದಂತ ಬಾರದ ಹೆಣ್ಣುಗಳು ಕೆಲವೇ. ಯುದ್ಧಕ್ಕೆ ಮುಂಚೆ ಗೊರೊಂಗೊಸಾದಲ್ಲಿ ಅಂಥವು ಶೇ. 18.5 ಇದ್ದವು. ಯುದ್ಧದ ನಂತರ ಶೇ. 50.9. ಬೇಟೆಗಾರರಿಗೆ ಅವು ಬೇಕಿರಲಿಲ್ಲ, ಹಾಗಾಗಿ ಉಳಿದವು. ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಮರಿಗಳಲ್ಲೂ ಮೂರರಲ್ಲಿ ಒಂದಕ್ಕೆ ದಂತ ಇಲ್ಲ. ಬರದ ದ್ವೀಪದಲ್ಲಿ ಕೊಕ್ಕಿಗೆ ಆದದ್ದೇ ಇಲ್ಲಿ ದಂತಕ್ಕೆ ಆಯಿತು. ಇಲ್ಲಿ ಬರದ ಜಾಗದಲ್ಲಿ ಬಂದೂಕು ಇತ್ತು.

2021ರಲ್ಲಿ ಪ್ರಕಟವಾದ ಅಧ್ಯಯನ ಇದರ ಹಿಂದಿನ ಜೀನ್‌ಗಳನ್ನು ಹುಡುಕಿತು. ದಂತ ತಡೆಯುವ ಬದಲಾವಣೆ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಗಂಡಿಗೆ ಇರುವುದು ಒಂದೇ. ಆ ಬದಲಾವಣೆ ಸಿಕ್ಕ ಗಂಡು ಭ್ರೂಣ ಹೊಟ್ಟೆಯಲ್ಲೇ ಸಾಯುತ್ತದೆ. ದಂತವಿಲ್ಲದ ತಾಯಿ ತನ್ನ ಎರಡು ಎಕ್ಸ್‌ಗಳಲ್ಲಿ ಯಾವುದನ್ನು ಮರಿಗೆ ಕೊಡುತ್ತಾಳೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ಬಸಿರಾದ ನಾಲ್ಕರಲ್ಲಿ ಸರಾಸರಿ ಮೂರು ಮರಿ ಹುಟ್ಟುತ್ತವೆ: ದಂತ ಬರುವ ಒಂದು ಗಂಡು, ದಂತ ಬರುವ ಒಂದು ಹೆಣ್ಣು, ಅಮ್ಮನ ಹಾಗೇ ದಂತ ಬಾರದ ಇನ್ನೊಂದು ಹೆಣ್ಣು. ನಾಲ್ಕನೆಯದು ಹುಟ್ಟುವುದೇ ಇಲ್ಲ.